ಮಂಚದ ನಡುವಿನ ಹಲಗೆ

ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ಎಷ್ಟು ದಿನವಾಯಿತೋ, ಬೈಯಬೇಡ. ಬರೆಯೋಣವೆಂದು ಕೂತರೆ ಮಾತ್ರೆಯ ಮಂಪರು ಕವಿಯುತ್ತದೆ, ಕಣ್ಣು ಬಿಟ್ಟರೆ ಸಂಜೆ. ನೀನೂ ಭಾವನೂ ಚೆನ್ನಾಗಿದ್ದೀರಿ ತಾನೇ?

ನನ್ನ ಹೊಟ್ಟೆಯ ವಿಷಯ ಕೇಳಿದ್ದೀಯ. ಕರುಳು ಕತ್ತರಿಸಿ ಜೋಡಿಸಿದ ಡಾಕ್ಟರು ಮೊನ್ನೆ ಸ್ಕ್ಯಾನ್ ನೋಡಿ, "ಒಳಗೆಲ್ಲ ಚೆನ್ನಾಗಿ ಕೂಡ್ಕೊಂಡಿದೆಯಮ್ಮ. ಈ ನೋವು ಇನ್ನೂ ಸ್ವಲ್ಪ ಕಾಲ ಇರುತ್ತೆ, ಹೆದರಬೇಡಿ" ಅಂದರು. ಅವರ ಬಾಯಿಗೆ ಸಕ್ಕರೆ ಹಾಕಬೇಕು, ಆದರೆ ನೋವು ಕೇಳಬೇಕಲ್ಲ! ಬೆಳಿಗ್ಗೆ ಹೊಕ್ಕುಳ ಪಕ್ಕ, ಮಧ್ಯಾಹ್ನ ಪಕ್ಕೆಲುಬಿನ ಕೆಳಗೆ, ಬೆಕ್ಕು ಜಾಗ ಬದಲಿಸಿ ಮಲಗುವ ಹಾಗೆ. ಮಂಪರಿನಲ್ಲಿ ಅದರ ಜೊತೆ ಮಾತಾಡುತ್ತೇನೆ. ಗೋಡೆಯ ಮೇಲೆ ಬಿಸಿಲು ಮೆಲ್ಲಗೆ ಜಾರುತ್ತಿರುತ್ತದೆ, ಕೆಳಗೆ ಇವರು ಮರ ಹೆರೆಯುವ ಸದ್ದು ದೂರ ದೂರ ಸರಿಯುತ್ತದೆ, ಮಂಚ ಎಲ್ಲಿಗೋ ತೇಲುತ್ತದೆ. ಒಮ್ಮೊಮ್ಮೆ ಅಮ್ಮ ಬಂದು ಕಾಲ ಬಳಿ ಕೂತಂತಾಗುತ್ತದೆ.

ಮಂಚದ ಕಥೆ ಹೇಳಿದರೆ ನಗುತ್ತೀಯ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ, ನಿದ್ದೆಗಣ್ಣಲ್ಲಿ ಇವರ ಕೈ ನನ್ನ ಹೊಲಿಗೆಯ ಮೇಲೆ ಬಿತ್ತು. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ದೀಪ ಹತ್ತಿತು! ಬಡಗಿಯ ಬುದ್ಧಿ ಎಲ್ಲಿಗೆ ಹೋಗುತ್ತೆ ಹೇಳು? ಬೆಳಗಾದದ್ದೇ ತಡ, ಒಂದು ಹಲಗೆ ತಂದು ಮಂಚದ ನಡುವೆ ಉದ್ದಕ್ಕೂ ನಿಲ್ಲಿಸಿ ಸ್ಕ್ರೂ ಬಿಗಿದರು. ನನ್ನ ಕಡೆಗೆ ಉಪ್ಪುಕಾಗದ ಹಾಕಿ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದಾರೆ. "ನಿಂಗೆ ಚುಚ್ಚಬಾರದಲ್ಲ ಕಣೇ" ಅಂತಾರೆ. "ಗಡಿ ದಾಟಿದ್ರೆ ಏನು ಶಿಕ್ಷೆ?" ಎಂದು ರೇಗಿಸಿದೆ. ಪಾಪ, ನಾಚಿಕೊಂಡರು.

ಊಟ ಸೇರುತ್ತಿದೆ, ಚಿಂತೆ ಮಾಡಬೇಡ. ಭಾವನಿಗೆ ನಮಸ್ಕಾರ ಹೇಳು. ಮಕ್ಕಳು ನೂರು ಕಾಲ ನಗುನಗುತ್ತಾ ಬಾಳಲಿ.

ನಿನ್ನ
ಗುಬ್ಬಿ

ಮರೆತ ಮಾತು: ಮರೆತಿರಲಿಲ್ಲ ಅಕ್ಕಾ, ಬರೆಯಲು ಕೈ ಬರಲಿಲ್ಲ. ಹೊಟ್ಟೆಗಿಂತ ಆ ಹಲಗೆಯೇ ಹೆಚ್ಚು ನೋಯುತ್ತಿದೆ. ಹೊಲಿಗೆ ಆರಿ ತಿಂಗಳುಗಳೇ ಆದವು. ನಿನ್ನೆ, "ನೋವು ಪೂರ್ತಿ ಹೋಯ್ತು, ಇನ್ನು ಇದನ್ನ ಬಿಚ್ಚಿಬಿಡಿ" ಎಂದು ಸುಳ್ಳು ಹೇಳಿದೆ. ಇವರು ನನ್ನ ಮುಖ ನೋಡದೆ, ಹಲಗೆ ಸವರುತ್ತಾ, "ಇರ್ಲಿ ಬಿಡು, ಯಾವುದಕ್ಕೂ ಇರ್ಲಿ" ಅಂದರು. ಆವತ್ತು ನಾನು ಕಿರುಚಿದ್ದು ಅವರ ಕಿವಿಯಿಂದ ಇನ್ನೂ ಹೋಗಿಲ್ಲ. ಸ್ಕ್ರೂಡ್ರೈವರ್ ಯಾವ ಡಬ್ಬಿಯಲ್ಲಿದೆ ಎಂದು ನನಗೆ ಗೊತ್ತು, ಬಿಚ್ಚಲೂ ಬರುತ್ತದೆ. ಆದರೆ ನಾನು ಬಿಚ್ಚಿದರೆ ಏನು ಬಂತು, ಅಕ್ಕಾ? ಅವರು ಬಿಚ್ಚಬೇಕು.