ಒಂಬತ್ತನೇ ತಿಂಗಳ ಅಳತೆ

ಡೊಂಬಿವಲಿ (ಪೂರ್ವ)
12 ಮಾರ್ಚ್ 2019

ಪ್ರೀತಿಯ ಅಶ್ಮಿ,

ಅಮ್ಮನ ಆಶೀರ್ವಾದ. ಎಲ್ಲರೂ ಕ್ಷೇಮ ಎಂದು ಶುರು ಮಾಡಲು ಪೆನ್ನು ಹಿಡಿದೆ. ಆದರೆ ಸುಳ್ಳು ಈಗಾಗಲೇ ನಮ್ಮ ಮನೆಯಲ್ಲಿ ಬೇಕಾದಷ್ಟಿದೆ, ಇನ್ನೊಂದು ಬೇಡ ಅನಿಸಿತು. ಅಪ್ಪನ ಮೊಣಕಾಲು ನೋವು ಹಾಗೇ ಇದೆ. ನನ್ನ ಹೊಲಿಗೆ ಮೆಷಿನ್ನಿಗೆ ಹೊಸ ಬೆಲ್ಟು ಹಾಕಿಸಿದೆ. ನಿನಗೆ ಫೋನ್ ಮಾಡಿದರೆ ಜಯೇಶ್ ಎತ್ತಿ, ಅವಳು ಶೂಟಿಂಗ್‌ನಲ್ಲಿದ್ದಾಳೆ ಅನ್ನುತ್ತಾನೆ. ವಾಟ್ಸಾಪಿನಲ್ಲಿ ಏನಾದರೂ ಹಾಕಿದರೆ ನೀನು ಒಂದು ಕೆಂಪು ಹಾರ್ಟ್ ಕಳಿಸಿ ಕೈತೊಳೆದುಕೊಳ್ಳುತ್ತೀ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯಲು ಕೂತೆ.

ಭಾನುವಾರ ಜಯೇಶ್ ಬಂದಿದ್ದ. ನಿನಗೆ ಹೇಳಿಯೇ ಬಂದಿರಬೇಕು. ಚಹಾ ಕುಡಿದ, ಅಪ್ಪನ ಹತ್ತಿರ ಅವರು ದುಡಿದ ರಬಾಳೆಯ ಹಳೇ ಕ್ಯಾಂಟೀನಿನ ಸುದ್ದಿ ಕೇಳಿದ, ಆಮೇಲೆ ನಾನು ಮೆಷಿನ್ ಹಾಕಿಕೊಂಡಿರುವ ಮೂಲೆಗೆ ಬಂದು ಸ್ವರ ತಗ್ಗಿಸಿ, "ಅತ್ತೆ, ಒಂಬತ್ತನೇ ತಿಂಗಳದ್ದು ಒಂದು ಬೇಕಿತ್ತು. ಮೊದಲಿನದಕ್ಕಿಂತ ಸ್ವಲ್ಪ ಕೆಳಗೆ ಇಳಿದ ಹಾಗೆ ಇರಲಿ. ಫಾಲೋವರ್ಸ್ ಎಲ್ಲ ಬಾರೀಕಾಗಿ ಗಮನಿಸಿ ನೋಡ್ತಾರೆ" ಅಂದ. ಬ್ಲೌಸಿಗೆ ತೋಳು ಎಷ್ಟಿರಬೇಕು ಎಂದು ಹೇಳುವಷ್ಟೇ ಸಲೀಸಾಗಿ ಅಂದ. ನಾನು ಕತ್ತರಿ ಕೆಳಗಿಟ್ಟೆ. ಅಲ್ಲಿಗೂ ಮುಗಿಯಲಿಲ್ಲ. ನಿನ್ನ ಅತ್ತಿಗೆ ಪ್ರೇಕ್ಷಾ ಕಲ್ಯಾಣದ ತಾಯಿಮನೆಯಲ್ಲಿ ಹೆತ್ತು ಇನ್ನೂ ಪುಣ್ಯಾಹವೂ ಆಗಿಲ್ಲ, ಆ ಹಸುಗೂಸನ್ನು ಒಂದು ದಿನದ ಮಟ್ಟಿಗೆ ಥಾಣೆಯ ನಿಮ್ಮ ಮನೆಗೆ ಕರೆತರಬಹುದೇ ಎಂದು ಕೇಳಿದ. ವಿಡಿಯೋದಲ್ಲಿ ಮುಖ ತೋರಿಸುವುದಿಲ್ಲವಂತೆ, ಪಾದ ಮಾತ್ರವಂತೆ.

ಪಾದ ತೋರಿಸಿದ ಮೇಲೆ ಮಗು ಅಂಬೆಗಾಲಿಡಬೇಕಲ್ಲ, ಆಗ ಯಾರ ಮಗು ತರುತ್ತೀ ಎಂದು ಕೇಳಿದೆ. ಮಗುವಿಗೆ ಪ್ರೈವೆಸಿ ಬೇಕು ಅಂತ ಹೇಳಿ ನಿಧಾನಕ್ಕೆ ನಿಲ್ಲಿಸಬಹುದು, ಎಲ್ಲರೂ ಹಾಗೇ ಮಾಡ್ತಾರೆ, ಹೆರಿಗೆಯವರೆಗೆ ಮಾತ್ರ ಆ ಮಕ್ಕಳ ಎಣ್ಣೆ ಕಂಪೆನಿಯ ಜೊತೆ ಒಪ್ಪಂದ ಇರೋದು ಅಂದ. ಅವನಿಗೆ ನಾನು ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ. ಉತ್ತರ ನಿನಗೇ ಬರೆಯುತ್ತಿದ್ದೇನೆ. ನಾನು ಹೊಲಿಯುವುದಿಲ್ಲ. ಪ್ರೇಕ್ಷಾಳ ಮಗುವನ್ನು ಕೊಡಿಸುವುದೂ ಇಲ್ಲ.

ಮೊದಲನೆಯದನ್ನು ಹೊಲಿದು ಕೊಟ್ಟವಳು ನೀನೇ ತಾನೇ ಎಂದು ನೀನು ಕೇಳಬಹುದು. ಹೌದು, ನಾನೇ. ಯಾಕೆ ಹೊಲಿದೆ ಎಂದು ನಿನಗೂ ಗೊತ್ತು, ಆದರೂ ಒಮ್ಮೆ ಬರೆದುಬಿಡುತ್ತೇನೆ.

ಡಿಸೆಂಬರಿನಲ್ಲಿ ಆರನೇ ತಿಂಗಳಿಗೇ ಮಗು ಹೋದಾಗ ನೀನು ಅಳಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಆಮೇಲೆ ಫೋನ್ ಕೊಡು ಎಂದು ಕೈಚಾಚಿದೆ. ಯಾವಳೋ ಒಬ್ಬಳು, ದೀದಿ, ಮಗು ಒದೆಯುತ್ತಿದೆಯಾ ಎಂದು ಹಿಂದಿಯಲ್ಲಿ ಕೇಳಿದ್ದಳು. ನೀನು, ಹೌದು, ತುಂಬಾ ತುಂಟ ಎಂದು ಬರೆದೆ. ನನಗೆ ಮೈಯೆಲ್ಲ ಉರಿದುಹೋಯಿತು, ಫೋನು ಕಿತ್ತುಕೊಳ್ಳಲು ಬಂದೆ. ಆಗ ನೀನು, "ಅಮ್ಮ, ಅಲ್ಲಿ ಅದು ಇನ್ನೂ ಬೆಳೀತಾ ಉಂಟು. ಅಲ್ಲಿಯಾದ್ರೂ ಇರಲಿ" ಅಂದೆ. ಆ ಮಾತು ಕೇಳಿದ ಮೇಲೆ ಫೋನನ್ನು ನಿನ್ನ ಕೈಯಲ್ಲೇ ಬಿಟ್ಟೆ. ಜಯೇಶ್ ಹುಸಿ ಹೊಟ್ಟೆಯ ವಿಷಯ ಎತ್ತಿದಾಗ ಒಪ್ಪಿಕೊಂಡದ್ದು ಅವನ ಒಪ್ಪಂದಕ್ಕಾಗಿ ಅಲ್ಲ, ನಿನ್ನ ಆ ಒಂದು ಮಾತಿಗಾಗಿ. ಹತ್ತಿ ತುಂಬಿ, ಮೆತ್ತಗಿನ ಲೈನಿಂಗ್ ಕೊಟ್ಟು, ನಿನ್ನ ಚರ್ಮಕ್ಕೆ ತುರಿಕೆ ಆಗದ ಹಾಗೆ ಹೊಲಿಗೆಯನ್ನೆಲ್ಲ ಒಳಗೆ ಮಡಚಿ ಹೊಲಿದೆ. ನಿನ್ನ ಲಂಗಗಳನ್ನು ಹೊಲಿಯುವಾಗಲೂ ಅಷ್ಟು ಜಾಗ್ರತೆ ಮಾಡಿರಲಿಲ್ಲ.

ನಿನ್ನ ಬಯಕೆ ಸೀಮಂತದ ದಿನ ಘೋಡಬಂದರ್ ರಸ್ತೆಯ ಆ ಹಾಲ್‌ನ ಹಿಂದಿನ ಕೋಣೆಯಲ್ಲಿ ಅದನ್ನು ನಿನ್ನ ಸೊಂಟಕ್ಕೆ ಕಟ್ಟಿದವಳೂ ನಾನೇ. ನೀನು ಕಾಲೇಜಿಗೆ ಹೋಗುವಾಗ ಇದ್ದ ಹಾಗೆ ಸಪೂರ ಆಗಿದ್ದೆ. ಹಸಿರು ಸೀರೆ, ಕೈತುಂಬ ಗಾಜಿನ ಬಳೆ, ಊರಿನಿಂದ ಬಸ್ಸಿನಲ್ಲಿ ತರಿಸಿದ ಮಲ್ಲಿಗೆ, ಎಲ್ಲ ಇತ್ತು. ನಿನ್ನ ಅತ್ತೆ ಸಿಹಿ ತಿನ್ನಿಸುವುದನ್ನು ಕ್ಯಾಮೆರಾದವನು ಮತ್ತೆ ಮತ್ತೆ ಮಾಡಿಸಿದ. ಏನೂ ಗೊತ್ತಿಲ್ಲದ ನಿನ್ನ ಚಿಕ್ಕಮ್ಮಂದಿರು ನಿನ್ನ ಮಡಿಲಿಗೆ ತೆಂಗಿನಕಾಯಿ, ವೀಳ್ಯದೆಲೆ ಹಾಕಿ ಹರಸಿದರು. ನಿನ್ನ ಕೈ ಹಿಡಿದೆ, ತಣ್ಣಗಿತ್ತು. ಅಪ್ಪ ಮೊಣಕಾಲಿನ ನೆಪ ಹೇಳಿ ಬರಲಿಲ್ಲ. ಬಯಕೆ ಮುಗಿದ ಮೇಲೆ ಹೆಣ್ಣು ತಾಯಿಮನೆಗೆ ಬರುವುದು ನಮ್ಮ ಪದ್ಧತಿ. ನಮ್ಮ ಮನೆಯಲ್ಲಿ ಬೆಳಕು ಸಾಲದು, ವಿಡಿಯೋ ಚೆನ್ನಾಗಿ ಬರುವುದಿಲ್ಲ ಎಂದು ನಿನ್ನನ್ನು ಅಲ್ಲೇ ಇರಿಸಿಕೊಂಡರು. ನೀನು ಹುಟ್ಟಿ ಬೆಳೆದದ್ದು ಅದೇ ಬೆಳಕಿನಲ್ಲಿ, ಇರಲಿ.

ನಿನ್ನ ಅಭಿಮಾನಿಗಳ ಬಗ್ಗೆ ನಾನು ತಮಾಷೆ ಮಾಡುತ್ತೇನೆ ಎಂದು ನಿನಗೆ ಕೋಪ. ಮಾಡುತ್ತೇನೆ, ಸುಳ್ಳಲ್ಲ. ನೀನು ಬೆಳಿಗ್ಗೆ ಎದ್ದು ಬಿಸಿನೀರು ಕುಡಿದರೆ ವಾವ್ ಅನ್ನುತ್ತಾರೆ, ನಮ್ಮ ಬಿಲ್ಡಿಂಗಿನಲ್ಲಿ ದಿನಾ ಎಲ್ಲರೂ ಕುಡಿಯುತ್ತಾರೆ, ಯಾರೂ ವಾವ್ ಅಂದದ್ದಿಲ್ಲ. ಬಯಕೆಯ ವಿಡಿಯೋ ಬಂದ ಮೇಲೆ ಅಶ್ಮಿತಾ ಬ್ಲೌಸ್ ಬೇಕು ಎಂದು ಅದೇ ಹಸಿರು ಬಟ್ಟೆ ಹಿಡಿದುಕೊಂಡು ಐರೋಲಿಯಿಂದಲೂ ಹೆಂಗಸರು ನನ್ನಲ್ಲಿಗೆ ಬಂದರು. ಬಂದವರೆಲ್ಲ ಮೊದಲು ಕೇಳುವುದು ನಿನ್ನ ಆರೋಗ್ಯ. ಒಬ್ಬಳು ಮಗುವಿಗೆಂದು ಉಣ್ಣೆಯ ಟೋಪಿ ಹೆಣೆದು ಕೊಟ್ಟು ಹೋದಳು. ಅವರ ಪ್ರೀತಿ ಕಳ್ಳ ಪ್ರೀತಿ ಅಲ್ಲ ಅಶ್ಮಿ, ಅದೇ ನನಗೆ ಕಷ್ಟ. ಆಸ್ಪತ್ರೆಗೆ ಅವರಲ್ಲಿ ಒಬ್ಬಳೂ ಗಂಜಿ ತರಲಿಲ್ಲ ಎಂದು ನಾನು ದೂರುವ ಹಾಗೂ ಇಲ್ಲ, ನೀನು ಹೇಳಿದರಲ್ಲವೇ ತರುವುದು.

ಅವರಲ್ಲಿ ಬಾಗಿ ಎಂಬ ಹುಡುಗಿ ನಿನಗೆ ನೆನಪಿರಬಹುದು. ಬಯಕೆಗೆ ಬರಲು ನಿನ್ನ ಪೇಜಿನಲ್ಲಿ ಚೀಟಿ ಎತ್ತಿದಿರಲ್ಲ, ಅದರಲ್ಲಿ ಹೆಸರು ಬಂದವಳು. ಅಂಬರನಾಥದವಳು, ಮೂಲ ಕಾರ್ಕಳದ ಕಡೆಯವರು, ಗಂಡ ಅಲ್ಲಿಯ ಒಂದು ಫ್ಯಾಕ್ಟರಿಯಲ್ಲಿದ್ದಾನೆ. ಅವಳಿಗೂ ಆಗ ಏಳನೇ ತಿಂಗಳು, ಅದಕ್ಕೇ ನಿನ್ನನ್ನು ಅಷ್ಟು ಹಚ್ಚಿಕೊಂಡದ್ದು. ನಿನ್ನ ಹೊಟ್ಟೆಯ ಮೇಲೆ ಒಮ್ಮೆ ಕೈಯಿಡುತ್ತೇನೆ ಅಂದಳು, ಜಯೇಶ್ ಮಧ್ಯೆ ಬಂದು ಫೋಟೋಗೆ ನಿಲ್ಲಿಸಿ ಕಳಿಸಿದ. ಹೋಗುವಾಗ ನನ್ನ ನಂಬರ್ ತೆಗೆದುಕೊಂಡಳು. ಮರುವಾರ ಬಂದು ತನ್ನ ಬಯಕೆಗೆ ನಿನ್ನಂಥದ್ದೇ ಬ್ಲೌಸ್ ಹೊಲಿಸಿಕೊಂಡಳು. ಇನ್ನೂ ದಪ್ಪ ಆಗುತ್ತೀ ಮಗಾ ಎಂದು ನಾನು ಬದಿಯಲ್ಲಿ ಧಾರಾಳ ಮಾರ್ಜಿನ್ ಬಿಟ್ಟು ಕೊಟ್ಟಿದ್ದೆ.

ಕಳೆದ ವಾರ ಅದೇ ಬ್ಲೌಸನ್ನು ತಂದಳು. ಮಡಿಕೆ ಕೂಡ ಬಿಚ್ಚಿರಲಿಲ್ಲ. "ಆಂಟಿ, ಇದನ್ನ ಜರಾ ಬಿಗಿ ಮಾಡಿ ಕೊಡಿ" ಅಂದಳು. ನಾನು ಟೇಪು ಹಿಡಿದು ಸುತ್ತ ತಂದಾಗಲೇ ನನಗೆ ಎಲ್ಲ ತಿಳಿಯಿತು. ಇಷ್ಟು ವರ್ಷ ಹೆಂಗಸರ ಅಳತೆ ತೆಗೆದವಳಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವಳ ಬಯಕೆಗೆ ದಿನ ಗೊತ್ತಾಗಿತ್ತು, ಅದಕ್ಕೆ ಮೊದಲೇ ಮಗು ಹೊಟ್ಟೆಯಲ್ಲಿ ತೀರಿಕೊಂಡಿತ್ತು.

ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ಅವಳು ಅಳಲಿಲ್ಲ, ನಿನ್ನ ಹಾಗೆಯೇ. ಅಶ್ಮಿತಕ್ಕ ಏನೇನು ತಿನ್ನುತ್ತಿದ್ದಳು, ಯಾವ ಮಗ್ಗುಲಿಗೆ ಮಲಗುತ್ತಿದ್ದಳು ಎಂದು ಕೇಳತೊಡಗಿದಳು. ನೀನು ಜನವರಿಯಲ್ಲಿ ಹಾಕಿದ ವಿಡಿಯೋ ಇದೆಯಲ್ಲ, ನನ್ನ ಮಗು ಸುರಕ್ಷಿತವಾಗಿರಲು ನಾನು ಏನು ಮಾಡಿದೆ ಎಂದು, ಅದನ್ನು ಅವಳ ಅತ್ತೆ ಊಟಕ್ಕೆ ಕೂತಾಗಲೆಲ್ಲ ಹಚ್ಚುತ್ತಾರಂತೆ. ಮೆಟ್ಟಿಲು ಹತ್ತಬೇಡಿ, ಭಾರ ಎತ್ತಬೇಡಿ, ಟೆನ್ಶನ್ ಮಾಡಬೇಡಿ, ತಾಯಿ ಜಾಗ್ರತೆಯಿಂದಿದ್ದರೆ ಮಗುವಿಗೆ ಏನೂ ಆಗುವುದಿಲ್ಲ ಎಂದು ನೀನು ನಗುತ್ತಾ ಹೇಳುತ್ತೀ. ಬಾಗಿಯ ಮನೆ ಮೂರನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ, ನೀರು ಕೆಳಗಿನ ನಲ್ಲಿಯಲ್ಲಿ ಮಾತ್ರ. ಬಾಲ್ದಿ ಹೊತ್ತವಳು ಅವಳೇ, ಹೊರಿಸಿದವರು ಅದೇ ಅತ್ತೆ. ಈಗ ವಿಡಿಯೋದ ಆ ಹುಡುಗಿಯನ್ನು ನೋಡಿ ಕಲಿಯಬೇಕಿತ್ತು ಅನ್ನುತ್ತಾರೆ. ಗಂಡ ಮಾತಾಡುವುದಿಲ್ಲ. ಯುಗಾದಿ ಕಳೆದ ಮೇಲೆ ಊರಲ್ಲಿ ಅವಳ ತಾಯಿಮನೆಗೆ ಬಿಟ್ಟು ಬರುವುದಂತೆ, ವಾಪಸ್ ಕರೆತರುವ ಮಾತು ಯಾರ ಬಾಯಲ್ಲೂ ಇಲ್ಲವಂತೆ. "ಅಶ್ಮಿತಕ್ಕ ಎಲ್ಲ ಸಾಂಗಿತ್‌ಲಾ ಆಂಟಿ, ಹೇಳಿದ್ದನ್ನ ನಾನೇ ಕೇಳ್ಲಿಲ್ಲ. ನನ್ನ ಮಗುವನ್ನ ನಾನೇ ಕೊಂದೆ" ಅಂದಳು. ನೀರುದೋಸೆ ಹಾಕಿ ಕೊಟ್ಟೆ, ಒಂದು ತುಂಡು ಮುರಿದು ಹಾಗೇ ಕೂತಳು.

ನಾನು ಹೇಳಿದೆ, ಇದು ಯಾರಿಗಾದರೂ ಆಗಬಹುದು ಮಗಾ, ನಿನ್ನ ತಪ್ಪಲ್ಲ ಅಂತ. ಅವಳು ನನ್ನ ಮುಖ ನೋಡಿ, ಅಶ್ಮಿತಕ್ಕನಿಗೆ ಆಗಲಿಲ್ಲವಲ್ಲ ಆಂಟಿ ಅಂದಳು.

ಏನು ಹೇಳಲಿ ಅಶ್ಮಿ. ಸತ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದು ನನ್ನದಲ್ಲ, ನಿನ್ನದು, ಅದಕ್ಕೇ ನುಂಗಿಕೊಂಡೆ. ಆದರೆ ಅವಳು ಹೋದ ಮೇಲೆ ನನಗೆ ನಿನ್ನ ಮೇಲೆ ಬಂದ ಸಿಟ್ಟು ಹಿಂದೆ ಯಾವತ್ತೂ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಆ ಡಾಕ್ಟರಮ್ಮ ನಿನ್ನ ತಲೆ ಸವರಿ, ಇದರಲ್ಲಿ ನಿನ್ನದೇನೂ ತಪ್ಪಿಲ್ಲ, ಎಷ್ಟು ಜಾಗ್ರತೆ ಮಾಡಿದ್ದರೂ ಹೀಗೇ ಆಗುತ್ತಿತ್ತು ಎಂದು ಹೇಳಿದರು. ನೀನು ಇನ್ನೊಮ್ಮೆ ಹೇಳಿ ಎಂದು ಕೇಳಿ ಹೇಳಿಸಿಕೊಂಡೆ. ಆ ಮಾತನ್ನು ಹಿಡಿದುಕೊಂಡೇ ನೀನು ಎದ್ದು ಕೂತದ್ದು. ಅಂಥ ಮಾತು ಕೇಳಿಸಿಕೊಂಡವಳು ಮರುತಿಂಗಳೇ ಊರಿಗೆಲ್ಲ ಅದರ ಉಲ್ಟಾ ಹೇಳಿದೆ. ಕಂಪೆನಿಯವರು ಬರೆದುಕೊಟ್ಟದ್ದು ಎಂದು ನೀನು ಅನ್ನಬಹುದು. ಬಾಯಿ ನಿನ್ನದು, ನಂಬಿದ್ದು ನಿನ್ನನ್ನು. ಬಾಗಿಗೆ ಅಂಥ ಒಂದು ಮಾತು ಹೇಳಿದವರು ಯಾರೂ ಇಲ್ಲ. ನಾನು ಹೇಳಿದರೆ ಹಿಡಿಸುವುದಿಲ್ಲ, ಅವಳು ಕೇಳುವುದು ನಿನ್ನನ್ನು ಮಾತ್ರ.

ಫಾಲೋವರ್ಸಿಗೆಲ್ಲ ಡಂಗುರ ಸಾರು ಎಂದು ನಾನು ಹೇಳುವುದಿಲ್ಲ. ಅದು ನಿನ್ನ ನೋವು, ಯಾರಿಗೆ ತೋರಿಸಬೇಕು ಎನ್ನುವುದು ನಿನಗೆ ಬಿಟ್ಟದ್ದು. ಆ ಒಂದು ವಿಡಿಯೋ ತೆಗೆದುಹಾಕು. ಜಯೇಶನಿಗೆ, ಅಮ್ಮ ಆಗುವುದಿಲ್ಲ ಅಂದರು ಎಂದು ಹೇಳು, ಸಿಟ್ಟು ನನ್ನ ಮೇಲೆ ಮಾಡಿಕೊಳ್ಳಲಿ. ಮತ್ತೆ ಬಾಗಿಗೆ ಮಾತ್ರ ನೀನೇ ನಿನ್ನ ಬಾಯಿಂದ ನಡೆದದ್ದನ್ನು ಹೇಳು. ಅವಳು ಊರಿಗೆ ಹೋಗುವ ಮೊದಲು ಹೇಳು. ಆ ಹುಡುಗಿ ಕೊಲೆಗಾರ್ತಿ ಎಂದುಕೊಂಡು ಊರಿನ ರೈಲು ಹತ್ತಬಾರದು.

ಇನ್ನೊಂದು ಮಾತು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಅಪ್ಪ ಮೊನ್ನೆ ಪೇಪರ್ ಓದುತ್ತಾ ಕೂತವರು ತಲೆ ಎತ್ತದೆ, ಹೆಣ್ಣಾಗಿತ್ತಾ ಎಂದು ಕೇಳಿದರು. ಹೌದು ಅಂದೆ. ಅಷ್ಟೇ. ಆಮೇಲೆ ಪೇಪರ್ ಮಡಚಿಟ್ಟು ಬಾಲ್ಕನಿಗೆ ಹೋದರು. ನಾವಿಬ್ಬರೂ ಆ ಮಗುವಿಗಾಗಿ ಇನ್ನೂ ಅತ್ತಿಲ್ಲ, ನೀನು ಅಳದೆ ನಾವು ಅಳುವುದು ಹೇಗೆ. ನೀನು ಬಾ. ಅದು ಅಲ್ಲಿ ಬೆಳೆಯುತ್ತಿಲ್ಲ ಮಗಾ. ಇಲ್ಲಿಗೆ ಬಂದು ನನ್ನ ಹತ್ತಿರ ಮಲಗು, ಎಷ್ಟು ದಿನ ಬೇಕಾದರೂ ಇರು. ಬಂದ ಆರ್ಡರುಗಳನ್ನೆಲ್ಲ ವಾಪಸ್ ಕೊಡುತ್ತೇನೆ, ಹಸಿರು ಬಟ್ಟೆ ನಿನ್ನ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳುತ್ತೇನೆ.

ಎಷ್ಟು ಬೈದರೂ ನಿನ್ನದೇ ಚಿಂತೆಯಲ್ಲಿರುವ,
ನಿನ್ನ ಅಮ್ಮ
ಜಯಲತಾ

ತಾ.ಕ.: ಈ ಕಾಗದ ತಂದುಕೊಟ್ಟ ಹುಡುಗಿಯೇ ಬಾಗಿ. ದುಪಟ್ಟಾದಲ್ಲಿ ಮುಖ ಅರ್ಧ ಮುಚ್ಚಿಕೊಂಡಿರುತ್ತಾಳೆ, ತುಂಬ ಇಳಿದುಹೋಗಿದ್ದಾಳೆ, ಗುರುತು ಹತ್ತದಿದ್ದರೆ ಅದಕ್ಕೇ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಇದರಲ್ಲಿ ಮನೆಯ ಕ್ಷೇಮಸಮಾಚಾರ ಇದೆ ಎಂದುಕೊಂಡಿದ್ದಾಳೆ, ನಾನು ಏನೂ ಹೇಳಿಲ್ಲ. ಅವಳು ಬರುವುದನ್ನು ನಿನಗೆ ತಿಳಿಸದೆ ಕಳಿಸಿದ್ದು ಬೇಕೆಂದೇ. ಆ ಹತ್ತಿಯ ಹೊಟ್ಟೆಯನ್ನು ಕಟ್ಟಿಕೊಳ್ಳದೆ ನೀನು ಬಾಗಿಲು ತೆರೆದಿದ್ದರೆ ಅವಳು ನಿನ್ನ ಸಪೂರ ಸೊಂಟವನ್ನು ಆಗಲೇ ನೋಡಿರುತ್ತಾಳೆ, ಏನು ಕೇಳಬೇಕೆಂದು ತಿಳಿಯದೆ ನಿನ್ನ ಎದುರಿಗೆ ಕೂತಿರುತ್ತಾಳೆ. ಇನ್ನು ಓದುವುದು ಏನೂ ಉಳಿದಿಲ್ಲ, ತಲೆ ಎತ್ತಿ ಅವಳ ಹತ್ತಿರ ಮಾತಾಡು.