ದೊಡ್ಡ ಮರ್ಡೋ, ಚಿಕ್ಕ ಮರ್ಡೋ

ನೆಸ್, ಲೂಯಿಸ್ ದ್ವೀಪ
೧೬ ಆಗಸ್ಟ್ ೧೯೯೪, ಮಂಗಳವಾರ

ಪ್ರೀತಿಯ ಅಮ್ಮಾ,

ಮಂಡಿ ಹೇಗಿದೆ? ಡಾಕ್ಟರು ಹೇಳಿದಷ್ಟು ನಡೆಯುತ್ತಿದ್ದೀಯೋ, ಇಲ್ಲ ಗ್ಲಾಸ್ಗೋದಲ್ಲಿ ಚಿಕ್ಕಮ್ಮನ ಸೋಫಾ ಮೇಲೆ ಕುಳಿತು ಅವಳ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದೀಯೋ? ಫೋನಿನಲ್ಲಿ ನಾನೆಷ್ಟು ಕೂಗಿದರೂ ನಿನಗೆ ಕೇಳಿಸುವುದಿಲ್ಲ, ಚಿಕ್ಕಮ್ಮನಿಗೆ ಹೇಳಿದರೆ ಊರಿಗೆಲ್ಲ ಹೇಳಿದ ಹಾಗೆ. ಅದಕ್ಕೇ ಈ ಕಾಗದ. ಕುರಿಗಳು ಚೆನ್ನಾಗಿವೆ. ನಾನು ಚೆನ್ನಾಗಿಲ್ಲ.

ಕೆನಡಾದ ವೆಂಡೆಲ್ ಬಂದು ವಾರವಾಯಿತು. ನಿನ್ನ ತಾತನ ತಮ್ಮ ಹಡಗು ಹತ್ತಿ ಹೋದನಲ್ಲ, ಅವನ ಮರಿಮೊಮ್ಮಗ. ವಂಶದ ಬೇರು ಹುಡುಕಲು ಬಂದಿದ್ದಾನೆ. ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು, "ಕೊನೆಗೂ ಮನೆಗೆ ಬಂದೆ ಕಣಕ್ಕಾ!" ಎಂದು ಅತ್ತ. ನಾನು ಹಿಟ್ಟಿನ ಕೈ ಮೇಲೆತ್ತಿಕೊಂಡು ನಿಂತಿದ್ದೆ. ಭಾನುವಾರ ಚರ್ಚಿಗೆ ಹೊರಟರೆ, ತನ್ನ ಕಾಲುಚೀಲ, ಚಡ್ಡಿ ಎಲ್ಲ ಒಗೆದು ಹೊರಗೆ ಹಗ್ಗದ ಮೇಲೆ ಹರವಿದ್ದಾನೆ. ಯಾವ ಕೆಲಸವನ್ನೂ ಮಾಡಬಾರದ ಭಾನುವಾರ! ಪಕ್ಕದ ಮನೆಯ ಪೆಗ್ಗಿಯಜ್ಜಿ ಬೇಲಿಯಾಚೆಯಿಂದ, "ಏನೇ ಡೊಲೀನಾ, ನಿಮ್ಮನೆ ಬಾವುಟ ಜೋರಾಗಿ ಹಾರ್ತಿದೆ!" ಎಂದಳು.

ಅದೂ ಹೋಗಲಿ. ನಮ್ಮಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಅಜ್ಜಂದಿರಿಬ್ಬರೂ ಮರ್ಡೋ ಆದರೆ ಮಕ್ಕಳಿಬ್ಬರೂ ಮರ್ಡೋ. ಇದು ಇಲ್ಲಿ ಕುರಿಗೂ ಗೊತ್ತು. ವೆಂಡೆಲ್ ಮಾತ್ರ ನಿನ್ನ ತಾತ ದೊಡ್ಡ ಮರ್ಡೋನನ್ನೂ ಅವನ ತಮ್ಮ ಚಿಕ್ಕ ಮರ್ಡೋನನ್ನೂ ಒಬ್ಬನನ್ನಾಗಿ ಮಾಡಿಬಿಟ್ಟಿದ್ದಾನೆ. "ಮುತ್ತಜ್ಜ ಭಾರೀ ಆಸಾಮಿ! ಅಲ್ಲೊಬ್ಬಳು ಹೆಂಡ್ತಿ, ಇಲ್ಲೊಬ್ಬಳು" ಎಂದು ಅಂಚೆ ಕಚೇರಿಯಲ್ಲಿ ಎಲ್ಲರೆದುರು ಹೇಳಿದ. ಚರ್ಚಿನ ಹಿರಿಯನಾಗಿದ್ದ ನಿನ್ನ ತಾತನ ಬಗ್ಗೆ! ಅವರು ಇಬ್ಬರಪ್ಪಾ ಎಂದರೆ, "ಒಂದೇ ಮನೇಲಿ ಇಬ್ರಿಗೂ ಅದೇ ಹೆಸರು ಯಾರಿಡ್ತಾರೆ? ಮರ್ಯಾದೆಗಂಜಿ ಮುಚ್ಚಿಡ್ತೀರಿ ನೀವೆಲ್ಲ" ಎಂದು ಬೆನ್ನು ತಟ್ಟುತ್ತಾನೆ. ನಾನು ಹೇಳುವ ರೀತಿಯೇ ಸರಿಯಿಲ್ಲವೇನೋ. ನಿಜ ಹೇಳುವಾಗಲೂ ಕ್ಷಮೆ ಕೇಳುವವಳಂತೆ ಕಾಣುತ್ತೇನೆ.

ನಿಜವಾದ ತಲೆನೋವು ಬೇರೆಯೇ ಇದೆ. ತನ್ನ ಅಪ್ಪನ ಬೂದಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದಿದ್ದಾನೆ. ಅದನ್ನು ದೊಡ್ಡ ಮರ್ಡೋನ ಗೋರಿಯ ಪಕ್ಕದ ಖಾಲಿ ಜಾಗದಲ್ಲಿ ಹೂಳಬೇಕಂತೆ. ಅಮ್ಮಾ, ಅದು ನಿನ್ನ ಜಾಗ. ಅಪ್ಪನನ್ನು ಸಮುದ್ರ ಹಿಂದಕ್ಕೆ ಕೊಡಲಿಲ್ಲ. "ನಾನಾದ್ರೂ ತಾತನ ಪಕ್ಕ ಮಲಗ್ತೀನಿ" ಎಂದು ನೀನು ಹೇಳುತ್ತಲೇ ಬಂದ ಜಾಗ. ಅವನು ಗುದ್ದಲಿ ಕೇಳಿದಾಗ ಹಿಡಿ ಮುರಿದಿದೆ ಎಂದು ಸುಳ್ಳು ಹೇಳಿದೆ. ಭಾನುವಾರದ ಚಡ್ಡಿಗಿಂತ ಇದು ದೊಡ್ಡ ಪಾಪವೇ ಇರಬೇಕು. ಶನಿವಾರ ಅವನ ವಿಮಾನ. ಅಲ್ಲಿಯವರೆಗೆ ಹೇಗೋ ತಳ್ಳುತ್ತೇನೆ.

ದೇವರು ನಿನ್ನ ಮಂಡಿಯನ್ನೂ ನನ್ನ ತಾಳ್ಮೆಯನ್ನೂ ಕಾಯಲಿ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು.

ನಿನ್ನ ಮಗಳು,
ಡೊಲೀನಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪೆಗ್ಗಿಯಜ್ಜಿ ಬಂದಳು. ವೆಂಡೆಲ್‌ನ ಎದುರಿಗೇ ಅಂದಳು: "ಆ ಜಾಗಾನ ದೊಡ್ಡ ಮರ್ಡೋ ಖಾಲಿ ಯಾಕೆ ಬಿಟ್ಟ ಅಂದ್ಕೊಂಡ್ರಿ? 'ಚಿಕ್ಕ ಮರ್ಡೋ ವಾಪಸ್ ಬಂದ್ರೆ ಎಲ್ಲಿ ಮಲಗ್ಬೇಕು?' ಅಂತಿದ್ದ ನಮ್ಮಪ್ಪನ ಹತ್ರ." ಮರ್ಡೋ ಇಬ್ಬರು ಎಂಬುದು ವೆಂಡೆಲ್ ತಲೆಗೆ ಆಗ ಇಳಿಯಿತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ, ಗುದ್ದಲಿ ಕೇಳುತ್ತಿಲ್ಲ. ಅಮ್ಮಾ, ಇದು ನಿನಗೆ ಮೊದಲೇ ಗೊತ್ತಿತ್ತೇ? ಡಬ್ಬಿ ಅಂಗೈಯಗಲ ಅಷ್ಟೇ. ನಿನಗೂ ಜಾಗ ಉಳಿಯುತ್ತದೆ. ಶುಕ್ರವಾರದೊಳಗೆ ಚಿಕ್ಕಮ್ಮನಿಂದ ಹೂಂ ಅಥವಾ ಉಹೂಂ ಅಂತ ಒಂದು ಫೋನ್ ಮಾಡಿಸು. ಗುದ್ದಲಿಯನ್ನು ಬಾಗಿಲ ಬಳಿ ತಂದಿಟ್ಟಿದ್ದೇನೆ.