ನಕ್ಕವರನ್ನು ಕಣಕ್ಕೆ ಕರೆ

ಮುಳ್ಳನ್ಕೊಲ್ಲಿ,
ಫೆಬ್ರವರಿ ೯, ೨೦೨೫

ಮುದ್ದು ನೀತೂ,

ಹೊಳೆಯಾಚೆ ಮಾವನ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ನಿದ್ದೆ ಬರುತ್ತಿದೆಯಾ? ಅತ್ತೆ ನಿನ್ನ ತಲೆಗೆ ದಿನವೂ ಎಣ್ಣೆ ಸುರಿಯುತ್ತಿದ್ದಾರಂತೆ. ತಲೆ ತಣ್ಣಗಾದರೆ ಸಾಕು, ದಿಂಬು ಹಾಳಾದರೆ ಆಗಲಿ. ಫೋನನ್ನು ಇಲ್ಲೇ ಎಸೆದು ಹೋದೆಯಲ್ಲ, ಅದಕ್ಕೇ ನಿನ್ನ ಬಿ.ಎ. ಅಕ್ಕ ಪೆನ್ನು ಹಿಡಿಯಬೇಕಾಯಿತು. ಈಗ ದೋಣಿಯ ಚಾತುವಣ್ಣನೇ ನಮ್ಮ ಟವರ್.

ನೀನು ಕಣದಲ್ಲಿ ಕಾಳುಮೆಣಸಿನ ಗೊಂಚಲು ತುಳಿಯುತ್ತ, ಕಾಲೆಲ್ಲ ಕಪ್ಪಾಗಿ ಕುಣಿದದ್ದನ್ನು ಪ್ರಜಿತ್ ಬೇಲಿಯಾಚೆಯಿಂದ ವಿಡಿಯೋ ಮಾಡಿ, ‘ಕರಿಕಾಲಿ’ ಎಂದು ಹೆಸರಿಟ್ಟು ಕ್ಲಾಸ್ ಗ್ರೂಪಿಗೆ ಹಾಕಿದ. ನೀನು ಪರೀಕ್ಷೆಯೂ ಬೇಡ, ಶಾಲೆಯೂ ಬೇಡ ಎಂದು ಹೊಳೆ ದಾಟಿದೆ. ಅಪ್ಪ ಹೆಡ್‌ಮಾಸ್ಟರಿಗೆ ದೂರು ಬರೆದಿಟ್ಟರು. ಅಷ್ಟರಲ್ಲಿ ಅಜ್ಜಿ ನಿನ್ನ ಫೋನು ತರಿಸಿ ಗ್ರೂಪು ನೋಡಿದಳು. ಸಾಲುಸಾಲು ನಗುಮುಖ! ನನ್ನಿಂದ ಮೈಕು ಒತ್ತಿಸಿ ಹೇಳಿದಳು, “ಮಕ್ಕಳೇ, ಹೊರಗೆ ನಿಂತು ನಕ್ಕರೆ ಕಣಕ್ಕೆ ದೃಷ್ಟಿ ತಾಗ್ತದೆ. ನಕ್ಕವ್ರು ಬಂದು ನಾಲ್ಕು ಹೆಜ್ಜೆ ತುಳೀರಿ. ಕಪ್ಪ ಬೇಯಿಸಿ ಇಡ್ತೀನಿ.” ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ, ನಕ್ಕವನಿಂದ ಮೆಣಸು ತುಳಿಸದೆ, ಅವನಿಗೆ ಉಣಿಸದೆ ಬಿಡುವುದಿಲ್ಲ. ನಾನು ಹಣೆ ಚಚ್ಚಿಕೊಂಡೆ. ಚರಿತ್ರೆ ಓದಿದ ನನಗೆ ಕಪ್ಪವೆಂದರೆ ಸೋತವರು ಗೆದ್ದವರಿಗೆ ಒಪ್ಪಿಸುವುದು. ಅಜ್ಜಿಗೆ ಅದು ಬರೀ ಮರಗೆಣಸು.

ಯಾರೂ ಬರಲಾರರು ಎಂದುಕೊಂಡಿದ್ದೆ. ನಿನ್ನೆ ಪ್ರಜಿತ್, ತನ್ನ ಬಾಲ ಸುಮೇಶನ ಜೊತೆ, ಹಲ್ಲು ಕಿರಿಯುತ್ತಲೇ ಬಂದ. ಅಜ್ಜಿ ಚಪ್ಪಲಿ ಬಿಡಿಸಿ ಇಬ್ಬರನ್ನೂ ರಾಶಿ ಹತ್ತಿಸಿದಳು. ಸುಮೇಶ ಬೇಗನೆ ಸುಸ್ತಾಗಿ ಕೂತ. ಪ್ರಜಿತ್ ಆಸರೆಗೆ ಕಟ್ಟಿದ ಬಿದಿರು ಹಿಡಿದರೂ ಜಾರಿದ. ಬೆರಳ ಸಂದಿಗೆ ಖಾರವೇರಿ ನಿನ್ನಂತೆಯೇ ಕುಣಿದ, ತಾಳವೊಂದಿಲ್ಲ ಅಷ್ಟೆ. ನಾನು ಖುಷಿಯಿಂದ ಫೋನೆತ್ತಿದೆ. ಅಜ್ಜಿ ನನ್ನ ಕೈ ಹಿಡಿದು ಕೆಳಗಿಳಿಸಿದಳು. “ಬೇಡ ಮೋಳೇ. ನಮ್ಮ ಕಣದಲ್ಲಿರೋವ್ನು ನಮ್ಮನೆ ಮಗು.” ಅವನು ಅದನ್ನು ಕೇಳಿಸಿಕೊಂಡ.

ಊಟಕ್ಕೆ ಕೂತಾಗ ತಟ್ಟೆ ನೋಡುತ್ತ ಕೇಳಿದ, “ನೀತು ಎಲ್ಲಿ ಅಜ್ಜೀ?”

“ನಿನ್ನ ನಗೆಗೆ ಹೆದ್ರಿ ಹೊಳೆ ದಾಟವ್ಳೆ. ನೀನು ಕೂತಿರೋದು ಅವಳ ಮಣೆ ಮೇಲೆ.”

ಅವನ ಕೈ ಬಾಯಿಗೆ ಹೋಗಲಿಲ್ಲ. ಏಳುವ ಮೊದಲು ನನ್ನೆದುರೇ ವಿಡಿಯೋ ಅಳಿಸಿದ. ಬೇರೆಯವರ ಫೋನುಗಳಲ್ಲಿ ಉಳಿದಿದ್ದರೆ? ಉಳಿದಿರಬಹುದು, ನಿನಗೆ ಸುಳ್ಳು ಹೇಳಲಾರೆ. ಅಪ್ಪನ ದೂರು ಅವರ ಜೇಬಿನಲ್ಲೇ ಇದೆ. ಕೊಡಬೇಕೋ ಬೇಡವೋ ನೀನು ಹೇಳಿದಂತೆ.

ಅಜ್ಜಿಯ ಆಶೀರ್ವಾದ, ಅಮ್ಮನ ಮುತ್ತು, ಮಾವ ಅತ್ತೆಗೆ ನಮ್ಮೆಲ್ಲರ ನಮಸ್ಕಾರ.

ನಿನ್ನ ತಲೆಹರಟೆ ಅಕ್ಕ,
ವಿದ್ಯ

ತಾ.ಕ.: ಈ ಕಾಗದ ತಂದ ದೋಣಿಯಲ್ಲೇ ಪ್ರಜಿತ್ ಕೂತಿದ್ದಾನೆ. ನಿನ್ನೆಯಿಂದ ಉಜ್ಜಿದರೂ ಕಾಲಿನ ಕಪ್ಪು ಹೋಗಿಲ್ಲ. ನೀನು ಹ್ಞೂಂ ಅನ್ನದೆ ಅವನು ದಡಕ್ಕೆ ಇಳಿಯುವ ಹಾಗಿಲ್ಲ, ಅಜ್ಜಿಯ ಕಟ್ಟಪ್ಪಣೆ. ಬೇಡ ಅನಿಸಿದರೆ ಬೇಡವೇ ಬೇಡ, ಅವನನ್ನು ಹಾಗೇ ವಾಪಸ್ ಕಳಿಸು, ಮುಂದಿನ ದೋಣಿಗೆ ನೀನು ಬಾ. ಕೊನೆಯ ರಾಶಿಯನ್ನು ಅಜ್ಜಿ ಯಾರಿಗೂ ಮುಟ್ಟಗೊಟ್ಟಿಲ್ಲ. ಅದು ಬಿಸಿಲಿಗೂ ಕಾದಿದೆ, ನಿನಗೂ ಕಾದಿದೆ.